ಹದಿಮೂರು ಮಿಲಿ ಜೇನು

ಅಗಲ್ಪಾಡಿಯ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಕಾಲು ಲೀಟರ್ ಜೇನು ಕೇಳಿದೆ. ಅಂಗಡಿಯ ಹೆಂಗಸು ಅದನ್ನು ಅಳೆದದ್ದು ಅಮೆರಿಕದಿಂದ ಬಂದ, ಮಗುವಿಗೆ ಹಾಲು ಕುಡಿಸುವ ಬಾಟಲಿಯಲ್ಲಿ. ಅದರ ಮೇಲಿದ್ದದ್ದು ಔನ್ಸಿನ ಗೆರೆಗಳು ಮಾತ್ರ.

“ಎಂಟನೇ ಗೆರೆ ಉಂಟಲ್ಲ, ಅದು ಸರೀ ಕಾಲು ಲೀಟರ್. ಅಕ್ಕನ ಮಗಳು ಹೇಳಿದ್ದು,” ಎಂದರು.

ಸುಮ್ಮನಿರಲು ನನಗೆಲ್ಲಿ ಬರುತ್ತದೆ! ಫೋನಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಅಮೆರಿಕದ ಎಂಟು ಔನ್ಸ್ ಎಂದರೆ ಇನ್ನೂರ ಮೂವತ್ತೇಳು ಮಿಲಿ. ಹದಿಮೂರು ಕಡಿಮೆ.

“ಹೌದಾ? ಇಷ್ಟು ವರ್ಷ ಯಾರೂ ಹೇಳಲಿಲ್ಲ ಮಾರಾಯ್ರೆ.” ನಾಚಿಕೊಂಡು ಇನ್ನೊಂದು ಚಮಚ ಸುರಿದರು. “ಮನೆಯಲ್ಲಿ ಎಷ್ಟು ಜನ ಇದ್ದೀರಿ?”

“ಈಗ ನಾನೊಬ್ಬನೇ.”

ಅವರು ಮುಚ್ಚಳ ಬಿಗಿದು, ಒಳ್ಳೆಯ ಸುದ್ದಿ ಹೇಳುವವರಂತೆ ಹೇಳಿದರು: “ಹಾಗಾದ್ರೆ ಇದು ತುಂಬಾ ಸಮಯ ಬರ್ತದೆ.”