ಔಷಧಿಯ ಲೆಕ್ಕಕ್ಕೆ ಬಾರದ ಭಸ್ಮ

ಕೊಡಿಗೇಹಳ್ಳಿಯ ನನ್ನ ಕ್ಲಿನಿಕ್ಕಿಗೆ ಬಂದ ಆ ಯಜಮಾನರು ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿದವರು. ತಿಂಗಳುಗಟ್ಟಲೆ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ಬಿಳಿಚಿದ ಮುಖ. ನನಗಿಂತ ಮೊದಲು ನೋಡಿದ ಡಾಕ್ಟರುಗಳೆಲ್ಲ ಚೀಟಿಯಲ್ಲಿ ‘ಗ್ಯಾಸ್’ ಎಂದು ಬರೆದು ಕೈತೊಳೆದುಕೊಂಡಿದ್ದರು. ಕಾರಣ ತಿಳಿಯದ ಹೊಟ್ಟೆನೋವಿಗೆಲ್ಲ ನಮ್ಮ ವೃತ್ತಿಯಲ್ಲಿ ಅದೇ ನಾಮಕರಣ.

“ಬೇರೆ ಏನಾದ್ರೂ ಔಷಧಿ ತಗೋತಿದೀರಾ?” ಎಂದು ಕೇಳಿದೆ.

“ಏನೂ ಇಲ್ಲ ಮೇಡಂ.”

ಪಕ್ಕದಲ್ಲಿದ್ದ ಅವರ ಹೆಂಡತಿ ಬಾಯಿಬಿಟ್ಟರು: “ಶುಗರ್‌ಗೆ ಅಂತ ದಿನಾ ಜೇನಲ್ಲಿ ಭಸ್ಮ ಕಲಸ್ಕೊಂಡು ನೆಕ್ತೀರಲ್ಲ, ಅದು?”

“ಅದು ಔಷಧಿ ಅಲ್ಲ ಕಣೇ, ನ್ಯಾಚುರಲ್ಲು!”

ನಾಗರಹಾವಿನ ವಿಷವೂ ನ್ಯಾಚುರಲ್ಲೇ ಎಂಬ ಮಾತನ್ನು ನುಂಗಿಕೊಂಡು ರಕ್ತಪರೀಕ್ಷೆಗೆ ಬರೆದೆ. ರಕ್ತದಲ್ಲಿ ಸೀಸ ಮಿತಿ ಮೀರಿತ್ತು. ಭಸ್ಮವನ್ನೂ ಪರೀಕ್ಷೆಗೆ ಕಳಿಸಿದರೆ ಅದರಲ್ಲೂ ಸೀಸ. ‘ಭಸ್ಮದಿಂದ ಸೀಸದ ವಿಷ’ ಎಂದು ನಾನು ಬರೆಯುತ್ತಿದ್ದಂತೆ ಯಜಮಾನರಿಗೆ ಹೊಟ್ಟೆಗಿಂತ ದೊಡ್ಡ ಸಂಕಟ ಶುರುವಾಯಿತು.

“ಇಂಗೆಲ್ಲಾ ಬರೀಬೇಡಿ ಮೇಡಂ. ಅದನ್ನ ಕೊಟ್ಟೋರು ನಮ್ಮ ಬೀಗರು. ಗ್ಯಾಸ್ ಅಂತಲೇ ಹಾಕ್ಬಿಡಿ, ಮರ್ಯಾದೆ ಉಳೀತದೆ.”

ಬರೆದದ್ದನ್ನು ನಾನು ಅಳಿಸಲಿಲ್ಲ. ಭಸ್ಮ ಬಿಡಿಸಿ ಚಿಕಿತ್ಸೆ ಕೊಡಿಸಿದ ಮೇಲೆ ಅವರ ಹೊಟ್ಟೆ ಸುಮ್ಮನಾಯಿತು. ಮೊನ್ನೆ ಬಂದವರು, ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದರು: “ನಮ್ಮ ಬೀಗರು ಕೊಟ್ಟ ಆ ಭಸ್ಮದ ಪವರ್ ನೋಡಿ ಮೇಡಂ! ವರ್ಷಗಟ್ಲೆ ಒಳಗೆ ಅಡಗಿದ್ದ ಸೀಸಾನ ಎಳ್ಕೊಂಡು ಬಂದು ರಿಪೋರ್ಟಲ್ಲಿ ತೋರಿಸ್ಬಿಡ್ತು!”

ಕಾಯುತ್ತಿದ್ದವರೊಬ್ಬರು ಬಾಗಿಲಿಗೆ ಬಂದು, ನನ್ನೆದುರೇ ಅವರ ಬಳಿ ಬೀಗರ ಫೋನ್ ನಂಬರ್ ಕೇಳಿದರು.