ಎಡಭುಜಕ್ಕೆ ಒಪ್ಪಿದ ಕೋವಿ

ಇಪ್ಪತ್ತೈದರಲ್ಲಿ ಎರಡು!

ಸ್ಯಾನ್ ಡಿಯೇಗೋದ ಶೂಟಿಂಗ್ ರೇಂಜಿನಲ್ಲಿ ಯಂತ್ರವು ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗಳಲ್ಲಿ ನಾನು ಒಡೆದದ್ದು ಅಷ್ಟೇ. ಅದರಲ್ಲೂ ಒಂದು ನನ್ನ ಗುಂಡು ತಗುಲಿ ಒಡೆಯಿತೋ, ನೆಲಕ್ಕೆ ಬಿದ್ದು ಒಡೆಯಿತೋ, ದೇವರೇ ಬಲ್ಲ.

ಪಕ್ಕದಲ್ಲಿದ್ದ ಬೊಳ್ಳಮ್ಮ ಆಂಟಿ ಸ್ಕೋರ್ ಹಾಳೆಯನ್ನು ಎರಡೆರಡು ಸಲ ನೋಡಿದರು. ನನಗೆ ಭಯ...

ಆಂಟಿ ಕೊಡಗಿನವರು, ಅರವತ್ತೆಂಟು ವರ್ಷ, ಇಲ್ಲಿ ನರ್ಸ್ ಆಗಿ ರಿಟೈರ್ ಆದವರು. ಪ್ರತಿ ಸೆಪ್ಟೆಂಬರ್‌ನಲ್ಲಿ ಗೆಳತಿಯರ ಜೊತೆ ಕಾಡುಪಾರಿವಾಳದ ಬೇಟೆಗೆ ಹೋಗುತ್ತಾರೆ.

ನಾನು ಉಡುಪಿಯವಳು. ಮೀನು ಗೊತ್ತು, ಕೋವಿ ಗೊತ್ತಿರಲಿಲ್ಲ. ಆದರೆ ಲಾಕ್‌ಡೌನ್ ಶುರುವಾದಾಗಿನಿಂದ ಇಲ್ಲಿಂದ ಎರಡು ಗಂಟೆ ದಾರಿಯ ಸೆರಿಟೋಸ್‌ನ ನಮ್ಮ ಮನೆಯಲ್ಲಿ ಡೈನಿಂಗ್ ಟೇಬಲ್ಲೇ ಆಫೀಸಾಗಿ ಎರಡು ವರ್ಷ ಕಳೆದಿತ್ತು. ಬಯಲಿಗೆ ಹೋಗಲೇಬೇಕು ಅನ್ನುವ ಹಟ ಹುಟ್ಟಿತು. ಕೋರ್ಸ್ ಮುಗಿಸಿ, ಬೇಟೆಯ ಲೈಸೆನ್ಸ್ ಮಾಡಿಸಿಕೊಂಡು ಆಂಟಿಯ ಬೆನ್ನು ಬಿದ್ದೆ.

ಆಂಟಿ ಸ್ಕೋರ್ ಹಾಳೆ ಮಡಚಿಟ್ಟರು.

“ಗುರಿ ಕೂರದೆ ಬೇಟೆಗೆ ಬರಬಾರ್ದು ಕಣಮ್ಮ. ಗಾಯವಾದ ಹಕ್ಕಿ ಎಲ್ಲೋ ಪೊದೆಯಲ್ಲಿ ಬಿದ್ದು ನರಳುತ್ತೆ. ಇಪ್ಪತ್ತೈದಕ್ಕೆ ಹದಿನೈದು ಹೊಡಿ, ಕರ್ಕೊಂಡು ಹೋಗ್ತೀನಿ.”

ಆಗ ಜುಲೈ. ಉಳಿದದ್ದು ಎರಡು ತಿಂಗಳೂ ಇಲ್ಲ.

ನಾನು ಹಿಡಿದಿದ್ದದ್ದು ನನ್ನ ಗಂಡ ಗಿರೀಶನ ಪಂಪ್ ಶಾಟ್‌ಗನ್. ಅವನು ಆರಡಿ, ನಾನು ಐದಡಿ ಒಂದಿಂಚು. ಅದರ ಹಿಂಭಾಗವನ್ನು ಭುಜಕ್ಕೆ ಆನಿಸಿದರೆ ನನ್ನ ಕತ್ತು ಕೊಕ್ಕರೆಯ ಹಾಗೆ ಚಾಚುತ್ತಿತ್ತು. ಪ್ರತಿ ಗುಂಡಿಗೂ ಕೆನ್ನೆಗೊಂದು ಏಟು.

ಆಂಟಿ ನನ್ನ ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ನಡುವೆ ಪುಟ್ಟ ಕಿಂಡಿ ಮಾಡಿಸಿ, ಅದರಲ್ಲಿ ಗೋಡೆಯ ಗಡಿಯಾರ ನೋಡು ಎಂದರು. ಎಡಗಣ್ಣು ಮುಚ್ಚಿದೆ. ಗಡಿಯಾರ ಮಾಯ! ಎಡಗಣ್ಣು ಮುಚ್ಚಿದೆ. ಗಡಿಯಾರ ಅಲ್ಲೇ ಇದೆ.

“ನಿನ್ನ ಗುರಿಯೆಲ್ಲ ಎಡಗಣ್ಣಲ್ಲಿದೆ. ಕೋವಿ ಬಲಗಡೆ ಇಟ್ರೆ ಹೇಗೆ ಬೀಳುತ್ತೆ? ನೀನು ಎಡಚಿಯಾ?”

“ಹುಟ್ಟಿದಾಗ ಹೌದು ಆಂಟಿ...”

ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಅಜ್ಜಿ ನನ್ನ ಎಡಗೈಯನ್ನು ಬೈರಾಸಿನಲ್ಲಿ, ಅಂದರೆ ತೆಳು ಟವೆಲಿನಲ್ಲಿ, ಸುತ್ತಿಡುತ್ತಿದ್ದರು. ಒಂದನೇ ಕ್ಲಾಸು ಸೇರುವ ಹೊತ್ತಿಗೆ ನಾನು ಪೂರ್ತಿ ಬಲಗೈಯವಳಾಗಿದ್ದೆ. ಅದನ್ನು ಗಿರೀಶನಿಗೂ ಹೇಳಿರಲಿಲ್ಲ, ಮರೆತೇ ಹೋಗಿತ್ತು.

ಆಂಟಿ ನಕ್ಕರು. “ನಡಿ, ಅಂಗಡಿಗೆ ಹೋಗೋಣ.”

ಅಂಗಡಿಯವನು ನನ್ನನ್ನು ನೋಡಿದ್ದೇ ಗುಲಾಬಿ ಬಣ್ಣದ್ದೊಂದು ತಂದಿಟ್ಟ. ಆಂಟಿ ಅದನ್ನು ಮುಟ್ಟಲೂ ಇಲ್ಲ. ಜೊತೆಗೆ ಬಂದಿದ್ದ ಗಿರೀಶ ಉದ್ದದ್ದೊಂದು ತೋರಿಸಿ, “ಇದು ತಗೊಂಡ್ರೆ ಇಬ್ಬರೂ ಯೂಸ್ ಮಾಡ್ಬಹುದು” ಎಂದ.

“ನಿನ್ನ ಶೂ ಅವಳು ಹಾಕ್ಕೋತಾಳಾ?” ಎಂದರು ಆಂಟಿ. ಗಿರೀಶ ಎರಡು ಹೆಜ್ಜೆ ಹಿಂದೆ ಸರಿದ.

ಆಮೇಲೆ ಶುರುವಾಯಿತು ನೋಡಿ ಪರೀಕ್ಷೆ. ಪ್ರತಿಯೊಂದನ್ನೂ ಖಾಲಿ ಇದೆಯೇ ಎಂದು ಮೊದಲು ತೆರೆದು ನೋಡಬೇಕು. ಕಣ್ಣು ಮುಚ್ಚಿ ಎಡಭುಜಕ್ಕೆ ಏರಿಸಬೇಕು. ಕಣ್ಣು ಬಿಟ್ಟಾಗ ನಳಿಗೆಯ ತುದಿಯ ಮಣಿ ನೇರ ಎದುರಿಗಿರಬೇಕು, ಕತ್ತು ಚಾಚಬಾರದು, ಇಣುಕಬಾರದು.

ಮೊದಲನೆಯದು ಉದ್ದವಾಯಿತು. ಎರಡನೆಯದು ಭಾರ. ಮೂರನೆಯದು ಎಲ್ಲ ಸರಿ, ಆದರೆ ಅದರ ಖಾಲಿ ತೋಟೆ ಬಲಗಡೆಗೆ ಹಾರುವುದು. ಎಡಭುಜದಿಂದ ಹೊಡೆದರೆ ಮುಖದ ಮುಂದೆಯೇ ಹಾದುಹೋಗುತ್ತದೆ.

ನಾಲ್ಕನೆಯದು ಟ್ವೆಂಟಿ ಗೇಜ್, ಅಂದರೆ ಸಣ್ಣ ನಳಿಗೆಯದು, ಹಗುರ. ತೋಟೆ ಕೆಳಗೆ ಬೀಳುತ್ತದೆ, ಸೇಫ್ಟಿ ಮೇಲ್ಗಡೆ, ಯಾವ ಕೈಗಾದರೂ ಆಗುತ್ತದೆ.

ಕಣ್ಣು ಮುಚ್ಚಿದೆ, ಏರಿಸಿದೆ, ಕಣ್ಣು ಬಿಟ್ಟೆ.

ಮಣಿ ಎದುರಿಗೇ ಇದೆ! ಕೆನ್ನೆ ಕೋವಿಯ ಮರದ ಹಿಂಭಾಗಕ್ಕೆ ಮೆತ್ತಗೆ ಒರಗಿದೆ. ಅಂಗಡಿಯ ಮಧ್ಯೆ, ಕೋವಿ ಹಿಡಿದುಕೊಂಡು ಅಳುವುದೇ?

ಇಲ್ಲಿನ ರೂಲಿನಂತೆ ಹತ್ತು ದಿನ ಕಾದು ಮನೆಗೆ ತಂದೆ. ಮೊದಲ ವಾರ ಬರೀ ಗೊಂದಲ. ಎಡಗೈ ಟ್ರಿಗರ್, ಬಲಗೈ ಪಂಪ್, ಅಂದರೆ ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಹೊಸ ತೋಟೆ ಏರಿಸುವುದು. ಪಂಪ್ ಮಾಡುವುದನ್ನೇ ಮರೆತು, ಎರಡನೇ ಬಿಲ್ಲೆ ಹಾರಿಹೋಗುವುದನ್ನು ನೋಡುತ್ತಾ ನಿಂತಿದ್ದೂ ಉಂಟು. ಆ ವಾರ ಒಂಬತ್ತು. ಆಮೇಲೆ ಹನ್ನೆರಡು. ಮತ್ತೆ ಹನ್ನೊಂದು!

ಆಗಸ್ಟ್‌ನ ಕೊನೆಯ ಶನಿವಾರ ಹದಿನೇಳು.

ಆಂಟಿ ಸ್ಕೋರ್ ನೋಡಿ ಇಷ್ಟೇ ಹೇಳಿದರು. “ಬೆಳಿಗ್ಗೆ ಬೇಗ ಏಳ್ಬೇಕಾಗುತ್ತೆ. ಟೋಪಿ ತಗೋ.”

ಸ್ಯಾನ್ ಡಿಯೇಗೋದ ಪೂರ್ವಕ್ಕೆ, ಮರುಭೂಮಿಯ ಅಂಚಿನ ಹೊಲಗಳು. ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತು. ಮೊದಲ ಹಕ್ಕಿ ತುಂಬಾ ದೂರದಲ್ಲಿ ಹಾದುಹೋಯಿತು, ನಾನು ಕೋವಿ ಎತ್ತಲಿಲ್ಲ. ಆಂಟಿ ನನ್ನ ಕಡೆ ನೋಡಿ ಸೈ ಎಂಬಂತೆ ತಲೆಯಾಡಿಸಿದರು.

ಆವತ್ತು ನನಗೆ ಸಿಕ್ಕಿದ್ದು ಎರಡು. ಆಂಟಿಯ ಮನೆಯಲ್ಲಿ ಕರಿಮೆಣಸು, ಊರಿಂದ ತಂದ ಹುಳಿ ಕಾಚಂಪುಳಿ ಹಾಕಿ ಹುರಿದೆವು. ಗಿರೀಶ ನನ್ನ ಪಾಲಿಗೂ ಕೈ ಹಾಕಿದ.

ನಮ್ಮ ಅಳತೆಗೆ ಒಗ್ಗದ ವಸ್ತುವನ್ನು ಹಿಡಿದುಕೊಂಡು, ತಪ್ಪು ನಮ್ಮದೇ ಅಂದುಕೊಂಡು ಎಷ್ಟು ದಿನ ಒದ್ದಾಡುತ್ತೇವೆ... ನಿಮಗೂ ಹೀಗೆ ಆಗಿದೆಯಾ?