ವಿಮಾನಕ್ಕೊಂದು ಗಂಟೆ

ಗೆಳೆಯರೇ, ಇವತ್ತು ಬೆಳಿಗ್ಗೆ ಯಗಟಿಯಿಂದ ಕಡೂರಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಅಜ್ಜಿಯ ಎದುರು ನಾನು ಎರಡೆರಡು ಸಲ ಸೋತೆ.

ವರ್ಷಗಳ ಹಿಂದೆ ಸಮುದ್ರದ ಮೇಲೆ ಕಾಣೆಯಾದ ವಿಮಾನವನ್ನು ಮತ್ತೆ ಹುಡುಕುತ್ತಾರಂತೆ ಎಂದು ಯಾರದೋ ಮೊಬೈಲ್ ಒದರಿತು. ಅಷ್ಟೇ ಸಾಕಾಯಿತು. ಒಬ್ಬರು ಅನ್ಯಗ್ರಹದವರ ಮೇಲೆ ತಪ್ಪು ಹೊರಿಸಿದರು, ಇನ್ನೊಬ್ಬರು ರಾಹುವಿನ ಮೇಲೆ. ಕಂಡಕ್ಟರ್, "ಯಾವ್ದೋ ದ್ವೀಪದಲ್ಲಿ ಇಳ್ಸವ್ರೆ ಕಣ್ರೀ, ಗ್ಯಾರಂಟಿ" ಎಂದ.

ನನ್ನ ಪಕ್ಕದ ಅಜ್ಜಿಯ ಕಾಲ ಬಳಿ, ಕೊರಳಿಗೆ ಗಂಟೆ ಕಟ್ಟಿದ ಕುರಿಮರಿಯೊಂದು ನಿದ್ದೆ ಹೋಗಿತ್ತು. ಅಜ್ಜಿ ಕೇಳಿದರು: "ವಿಮಾನಕ್ಕೊಂದು ಗಂಟೆ ಕಟ್ಟಿರ್ಲಿಲ್ವೇನಪ್ಪಾ?"

ಬಸ್ಸೆಲ್ಲ ನಕ್ಕಿತು. ನಾನು ಮೇಷ್ಟ್ರು, ಸುಮ್ಮನಿರುತ್ತೇನೆಯೇ? "ಗಂಟೆ ಥರದ್ದೇ ಒಂದು ಯಂತ್ರ ಇತ್ತಜ್ಜಿ. ದಾರೀಲಿ ನಿಂತೋಯ್ತು."

"ಗಂಟೆ ಸದ್ದು ನಿಂತ್ರೆ ನಾವು ಆಗ್ಲೇ ತಿರುಗಿ ನೋಡ್ತೀವಿ. ಅಷ್ಟು ಓದ್ದೋರು ನೋಡ್ಲಿಲ್ವಾ?"

ಅಜ್ಜಿ ಗೆದ್ದ ಖುಷಿಯಲ್ಲಿ ತಮ್ಮ ಊರಿನ ಸ್ಟಾಪಿನಲ್ಲಿ ಇಳಿದುಹೋದರು.

ಬಸ್ಸು ಹೊರಟು ಸ್ವಲ್ಪ ದೂರ ಹೋಗಿತ್ತು. ನನ್ನ ಸೀಟಿನ ಕೆಳಗೆ ಗಂಟೆ ಸದ್ದು. ಮರಿ ಎದ್ದಿದೆ, ಅಜ್ಜಿ ಇಲ್ಲ! ಕಂಡಕ್ಟರ್ ಸೀಟಿ ಊದಿದ. ಹಿಂದಿನಿಂದ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದರು.

ಮರಿಯನ್ನು ಕೈಗೆ ಕೊಡುತ್ತಾ ನಾನು ಸೇಡು ತೀರಿಸಿಕೊಂಡೆ: "ಏನಜ್ಜಿ, ನೀವೂ ತಿರುಗಿ ನೋಡ್ಲಿಲ್ವಲ್ಲಾ?"

ಅಜ್ಜಿ ಏದುಸಿರಿನಲ್ಲೇ ಹೇಳಿದರು: "ಮರೆಯೋ ಜನ ಇರ್ತಾರೆ ಅಂತ್ಲೇ ಅಲ್ವೇನಪ್ಪಾ ಗಂಟೆ ಕಟ್ಟೋದು!"

ಬಸ್ಸೆಲ್ಲ ಮತ್ತೆ ನಕ್ಕಿತು. ಈ ಸಲ ನನ್ನನ್ನು ನೋಡಿ.